ಏಳನೆಯ ಹೆಜ್ಜೆಯ ಕೊಂಡಿ

ಗೊಂಚಲು ಎಂಬ ಹೆಸರಿನ ಒಂದು ತಂತ್ರಾಂಶವಿತ್ತು. ಹತ್ತಾರು ಕಂಪ್ಯೂಟರುಗಳನ್ನು ಒಂದೇ ಕಂಪ್ಯೂಟರಿನಂತೆ ದುಡಿಸುವುದು ಅದರ ಕೆಲಸ. ಕಂಟೇನರ್ ಎಂಬ ಡಬ್ಬಿಯಲ್ಲಿ ತುಂಬಿಕೊಟ್ಟ ಕೆಲಸವನ್ನು ಅದು ಯಂತ್ರಗಳಿಗೆ ಹಂಚುತ್ತಿತ್ತು. ಒಂದು ಯಂತ್ರ ಕೆಟ್ಟು ನಿಂತರೆ ಪಕ್ಕದ್ದು ಅದರ ಡಬ್ಬಿಯನ್ನು ಎತ್ತಿಕೊಳ್ಳುತ್ತಿತ್ತು. ಗೊಂಚಲಿಗೆ ಒಡೆಯರಿರಲಿಲ್ಲ. ಯಾರು ಬೇಕಾದರೂ ಪಡೆಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಹನ್ನೊಂದು ಮಂದಿ ಸಂಬಳವಿಲ್ಲದೆ ಅದನ್ನು ಕಾಪಾಡಿಕೊಂಡು ಬಂದಿದ್ದರು.

ಅವರಲ್ಲಿ ಹತ್ತು ಮಂದಿಗೆ ಹೊಸದನ್ನು ಕಟ್ಟುವುದರಲ್ಲಿ ಆಸೆ. ಹನ್ನೊಂದನೆಯವರು ವಿಶಾಲಾಕ್ಷಮ್ಮ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರ ಪಾಲಿಗೆ ಬಂದದ್ದು ಕೈಪಿಡಿ. ಗೊಂಚಲನ್ನು ಮೊದಲ ಸಲ ತಮ್ಮ ಯಂತ್ರಗಳಲ್ಲಿ ಅಳವಡಿಸುವವರಿಗೆ ದಾರಿ ತೋರಿಸುವ ಬರಹ ಅದು. ಅದರಲ್ಲಿ ಹತ್ತೊಂಬತ್ತು ಹೆಜ್ಜೆಗಳು, ನಲವತ್ತಮೂರು ಕೊಂಡಿಗಳು. ಈ ಕಡತವನ್ನು ಇಲ್ಲಿಂದ ತನ್ನಿ, ಆ ವಿವರವನ್ನು ಅಲ್ಲಿ ಓದಿ ಎಂದು ಬೇರೆ ಬೇರೆ ಜಾಲತಾಣಗಳಿಗೆ ಕಳಿಸುವ ಕೊಂಡಿಗಳು.

ವಿಶಾಲಾಕ್ಷಮ್ಮನವರಿಗೆ ಒಂದು ಪದ್ಧತಿಯಿತ್ತು. ಹೊಸ ಆವೃತ್ತಿ ಹೊರಡುವ ಮುನ್ನ ಹಳೆಯ ಲ್ಯಾಪ್‌ಟಾಪೊಂದನ್ನು ಪೂರ್ತಿ ಅಳಿಸಿ, ಏನೂ ತಿಳಿಯದವರಂತೆ ಅದರ ಮುಂದೆ ಕುಳಿತು, ಕೈಪಿಡಿ ಹೇಳಿದಷ್ಟನ್ನೇ ಮಾಡುವುದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅದನ್ನು ಅವರು ಬರಿಗೈ ನಡಿಗೆ ಎನ್ನುತ್ತಿದ್ದರು. ಆಮೇಲೆ ಅವರ ಹಳೆಯ ವಿದ್ಯಾರ್ಥಿ ತೌಸೀಫ್, ಅವನೂ ಹನ್ನೊಂದು ಮಂದಿಯಲ್ಲಿ ಒಬ್ಬ, ಕೊಂಡಿಗಳನ್ನು ತಾನಾಗಿಯೇ ಪರೀಕ್ಷಿಸುವ ಪ್ರೋಗ್ರಾಮೊಂದನ್ನು ಬರೆದ. ಕೊಂಡಿ ತೆರೆದರೆ ಹಸಿರು, ತೆರೆಯದಿದ್ದರೆ ಕೆಂಪು. ವಿಶಾಲಾಕ್ಷಮ್ಮನವರೂ ಆ ಹಸಿರನ್ನು ನಂಬಿ ಎರಡು ವರ್ಷ ನಡಿಗೆಯನ್ನು ಬಿಟ್ಟರು.

ಹೊಸ ಆವೃತ್ತಿಯ ಬಿಡುಗಡೆಯ ಹಿಂದಿನ ರಾತ್ರಿ, ಗೊಂಚಲಿಗೆ ಬಂದ ಪತ್ರಗಳ ನಡುವೆ ಒಂದು ಪತ್ರ ಅವರ ಕಣ್ಣಿಗೆ ಬಿತ್ತು. ರಕ್ತನಿಧಿಯೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಫಿಲೋಮಿನಾ ಎಂಬಾಕೆ ಬರೆದದ್ದು.

"ಯಾವ ಗುಂಪಿನ ರಕ್ತ ಎಷ್ಟಿದೆ ಎಂಬ ಪಟ್ಟಿಯನ್ನು ಗೊಂಚಲಿನಲ್ಲಿ ಇಡಬೇಕೆಂದಿದ್ದೇವೆ. ಏಳನೆಯ ಹೆಜ್ಜೆ ದಾಟಲು ಆಗುತ್ತಿಲ್ಲ. ಆರು ಸಲ ಪ್ರಯತ್ನಿಸಿದೆ. ನನಗೇ ತಿಳಿವಳಿಕೆ ಸಾಲದೇನೋ. ನಿಮ್ಮ ಸಮಯ ತೆಗೆದುಕೊಂಡದ್ದಕ್ಕೆ ಕ್ಷಮಿಸಿ."

ಅದರ ಕೆಳಗೆ ತಂಡದ ಮುಖ್ಯಸ್ಥ ರವಿಕೀರ್ತಿಯ ಉತ್ತರವಿತ್ತು: "ಕೈಪಿಡಿಯನ್ನು ಇನ್ನೊಮ್ಮೆ ಗಮನವಿಟ್ಟು ಓದಿ."

ವಿಶಾಲಾಕ್ಷಮ್ಮ ಆ 'ಕ್ಷಮಿಸಿ' ಎಂಬ ಮಾತನ್ನು ಎರಡು ಸಲ ಓದಿದರು. ಮೂವತ್ತು ವರ್ಷ ವಿದ್ಯಾರ್ಥಿಗಳ ಬಾಯಲ್ಲಿ ಆ ಮಾತನ್ನು ಕೇಳಿದವರು ಅವರು. ಅದರಲ್ಲಿ ಎಷ್ಟು ಸಲ ತಪ್ಪು ಕಪ್ಪುಹಲಗೆಯ ಮೇಲಿತ್ತು ಎಂಬುದೂ ಅವರಿಗೆ ಗೊತ್ತಿತ್ತು.

ಹಳೆಯ ಲ್ಯಾಪ್‌ಟಾಪನ್ನು ಹೊರತೆಗೆದು, ಅಳಿಸಿ, ನಡಿಗೆಗೆ ಕುಳಿತರು. ಅವರೂ ಏಳನೆಯ ಹೆಜ್ಜೆಯಲ್ಲೇ ಸಿಕ್ಕಿಕೊಂಡರು. ಆ ಕೊಂಡಿಯನ್ನು ಹಾಕಿದವರು ಯಾರೆಂದು ಹಳೆಯ ದಾಖಲೆಯಲ್ಲಿ ಹುಡುಕಿದರು. ಹೆಸರು ಸಿಕ್ಕಿತು. ಬಳಿಕ ಲ್ಯಾಪ್‌ಟಾಪನ್ನು ಮತ್ತೆ ಅಳಿಸಿ ಚೀಲಕ್ಕೆ ಹಾಕಿಕೊಂಡರು.

ಬಿಡುಗಡೆಯ ದಿನ ಎಲ್ಲರೂ ದಾವಣಗೆರೆಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸೇರಿದರು. ನಾಲ್ಕು ಗಂಟೆಗೆ ಅತಿಥಿಗಳು ಬರುವವರಿದ್ದರು. ಗೊಂಚಲಿನ ಕಟ್ಟಳೆಯ ಪ್ರಕಾರ ಆಯಾ ಭಾಗದ ಹೊಣೆ ಹೊತ್ತವರೆಲ್ಲ ಒಪ್ಪಿಗೆ ಕೊಟ್ಟ ಮೇಲೆಯೇ ಆವೃತ್ತಿ ಹೊರಡಬೇಕು. ಹತ್ತು ಒಪ್ಪಿಗೆ ಬಂದಿತ್ತು.

"ನಿಮ್ಮದೊಂದೇ ಬಾಕಿ, ಮೇಡಂ," ಎಂದ ರವಿಕೀರ್ತಿ.

"ಕೊಡುವುದಿಲ್ಲ."

ಮಂಡಕ್ಕಿಯ ಪೊಟ್ಟಣಕ್ಕೆ ಹೋಗಿದ್ದ ಕೈಗಳು ಅಲ್ಲಲ್ಲೇ ನಿಂತವು.

"ಏನು ಮೇಡಂ, ಯಾರ ಮೇಲಾದರೂ ಬೇಜಾರೇ?"

"ಕೈಪಿಡಿ ಸರಿಯಿಲ್ಲ. ಏಳನೆಯ ಹೆಜ್ಜೆಯ ಕೊಂಡಿ ಕೆಟ್ಟಿದೆ."

ತೌಸೀಫ್ ತನ್ನ ಪರದೆಯನ್ನು ಅವರ ಕಡೆ ತಿರುಗಿಸಿದ. "ಇಲ್ಲಿ ನೋಡಿ ಮೇಡಂ, ನಲವತ್ತಮೂರಕ್ಕೆ ನಲವತ್ತಮೂರೂ ಹಸಿರು. ಪರೀಕ್ಷೆಯಲ್ಲಿ ನೀವು ನನಗೆ ಯಾವತ್ತಾದರೂ ಇಷ್ಟು ಅಂಕ ಕೊಟ್ಟಿದ್ದೀರಾ?"

ಎಲ್ಲರೂ ನಕ್ಕರು. ರವಿಕೀರ್ತಿ ತನ್ನ ಯಂತ್ರದಲ್ಲೇ ಕೈಪಿಡಿಯ ಹೆಜ್ಜೆಗಳನ್ನು ಒಂದೊಂದಾಗಿ ನಡೆಸಿ ತೋರಿಸಿದ. ಏಳನೆಯದು ಸಲೀಸಾಗಿ ದಾಟಿತು. ಹತ್ತೊಂಬತ್ತೂ ಮುಗಿದವು.

"ಆಯ್ತಲ್ಲ ಮೇಡಂ! ಇನ್ನೇನು ತೊಂದರೆ?"

ವಿಶಾಲಾಕ್ಷಮ್ಮ ಚೀಲದಿಂದ ಹಳೆಯ ಲ್ಯಾಪ್‌ಟಾಪನ್ನು ತೆಗೆದು ಅವನ ಮುಂದಿಟ್ಟರು.

"ನಿಮ್ಮ ಯಂತ್ರ ಆ ಕಡತವನ್ನು ಎಂದೋ ತಂದು ಮನೆಯಲ್ಲಿ ಇಟ್ಟುಕೊಂಡಿದೆ, ರವಿಕೀರ್ತಿ. ಹೊಸ್ತಿಲು ದಾಟದೆ ಊರು ಸುತ್ತಿ ಬಂದೆ ಎನ್ನುತ್ತಿದೆ. ಇದು ಬರಿಗೈ ಯಂತ್ರ. ಇದರಲ್ಲಿ ಮಾಡಿ."

ಅವನು ಮಾಡಿದ. ಏಳನೆಯ ಹೆಜ್ಜೆ ಎಂದರೆ ಯಂತ್ರಗಳು ಪರಸ್ಪರ ಮಾತಾಡಲು ಬೇಕಾದ ಕಡತವನ್ನು ಇನ್ನೊಂದು ತಂಡದ ತಾಣದಿಂದ ತಂದು ಓಡಿಸುವುದು. ಲ್ಯಾಪ್‌ಟಾಪು ಅರ್ಥವಾಗದ ನಾಲ್ಕು ಸಾಲು ಉಗುಳಿ ನಿಂತಿತು. ಇನ್ನೊಮ್ಮೆ ಮಾಡಿದ. ಮತ್ತೆ ಅದೇ. ಕೊನೆಗೆ ಆ ಕೊಂಡಿಯನ್ನೇ ಪರದೆಯಲ್ಲಿ ತೆರೆದ. ಕಡತ ಇರಬೇಕಾದಲ್ಲಿ ಬಣ್ಣಬಣ್ಣದ ಇಸ್ಪೀಟು ಎಲೆಗಳು ಕುಣಿಯುತ್ತಿದ್ದವು. ಆ ತಂಡ ಮುಚ್ಚಿಹೋಗಿತ್ತು. ಅದರ ವಿಳಾಸವನ್ನು ಜೂಜಿನವರು ಯಾರೋ ಕೊಂಡಿದ್ದರು. ಬಾಗಿಲು ತಟ್ಟಿದರೆ ತೆರೆಯುತ್ತಿತ್ತು, ಆದ್ದರಿಂದ ಹಸಿರು. ಒಳಗೆ ಯಾರಿದ್ದಾರೆ ಎಂದು ಪ್ರೋಗ್ರಾಮು ಕೇಳಿರಲಿಲ್ಲ.

"ಇವತ್ತು ಇಸ್ಪೀಟು," ಎಂದರು ವಿಶಾಲಾಕ್ಷಮ್ಮ. "ನಾಳೆ ಅವರು ಅದೇ ಜಾಗದಲ್ಲಿ ತಮ್ಮದೊಂದು ಕಡತ ಇಟ್ಟರೆ, ನಮ್ಮ ಮಾತು ನಂಬಿದವರೆಲ್ಲ ಅದನ್ನು ತಮ್ಮ ಯಂತ್ರದಲ್ಲಿ ಓಡಿಸುತ್ತಾರೆ."

ರವಿಕೀರ್ತಿ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡ. ಆ ಕೊಂಡಿಯ ಹಳೆಯ ದಾಖಲೆಯನ್ನು ತೆರೆದು ಓದಿದವನೇ ಕುರ್ಚಿಗೆ ಒರಗಿಕೊಂಡ.

"ಎಂಟು ವರ್ಷದ ಹಿಂದೆ ಇದನ್ನು ಹಾಕಿದವರು ಯಾರು ಗೊತ್ತೇ? ನೀವೇ, ಮೇಡಂ!"

"ಗೊತ್ತು. ಅದಕ್ಕೇ ಒಪ್ಪಿಗೆ ಕೊಡುತ್ತಿಲ್ಲ."

ಈ ಸಲ ಯಾರೂ ನಗಲಿಲ್ಲ.

"ಸರಿ," ಎಂದ ಅವನು, ದನಿ ತಗ್ಗಿಸಿ. "ಆ ಕಡತದ ಪ್ರತಿ ನನ್ನಲ್ಲಿದೆ. ನಮ್ಮ ತಾಣದಲ್ಲೇ ಇಟ್ಟು ಲಿಂಕ್ ತಿದ್ದುತ್ತೇನೆ, ಐದು ನಿಮಿಷದ ಕೆಲಸ. ಆಮೇಲೆ ಒಪ್ಪಿಗೆ ಕೊಟ್ಟುಬಿಡಿ."

"ಅದನ್ನು ಈಗಲೇ ತಿದ್ದಿ. ಒಪ್ಪಿಗೆ ಮಾತ್ರ ಇಲ್ಲ. ಏಳರ ಆಚೆಯ ಹೆಜ್ಜೆಗಳ ಕೊಂಡಿಗಳಲ್ಲಿ ನಾನಿನ್ನೂ ನಡೆದಿಲ್ಲ."

"ಇದು ಹಠ, ಮೇಡಂ. ನಾಲ್ಕು ಗಂಟೆಗೆ ಜನ ಬರುತ್ತಾರೆ. ಹದಿನಾಲ್ಕು ಹೊಸ ಸೌಲಭ್ಯ ಕಟ್ಟಿದ್ದೇವೆ, ಅದನ್ನು ನೋಡಲು ಬರುತ್ತಾರೆ. ಹಳೆಯ ಲಿಂಕುಗಳನ್ನು ಒತ್ತುವವರು ಎಷ್ಟು ಜನ, ಹೇಳಿ?"

"ಒಬ್ಬರು."

"ಅದನ್ನೇ ನಾನೂ ಹೇಳೋದು!"

"ಪ್ರತಿ ಸಲವೂ ಒಬ್ಬರೇ, ರವಿಕೀರ್ತಿ. ಕೈಪಿಡಿಯ ಮುಂದೆ ಗುಂಪಾಗಿ ಯಾರೂ ಕೂರುವುದಿಲ್ಲ. ಒಬ್ಬರೇ ಕೂತಿರುತ್ತಾರೆ. ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ದಾರಿ ತಪ್ಪಿದಾಗ ನಮ್ಮನ್ನು ಬೈಯುವುದೂ ಇಲ್ಲ. ತಮಗೇ ತಿಳಿವಳಿಕೆ ಸಾಲದು ಎಂದುಕೊಳ್ಳುತ್ತಾರೆ. ಒಬ್ಬಾಕೆ ನಮಗೆ ಬರೆದು ಕ್ಷಮೆ ಕೇಳಿದ್ದಾರೆ. ನೀವು ಅವರಿಗೆ ಗಮನವಿಟ್ಟು ಓದಿ ಎಂದಿರಿ."

ರವಿಕೀರ್ತಿ ಎದ್ದು ನಿಂತ. "ಕಟ್ಟಳೆಯಲ್ಲಿ ಇನ್ನೊಂದು ಮಾತೂ ಇದೆ. ಆರು ಜನ ಕೈಯೆತ್ತಿದರೆ ಯಾರ ಹೊಣೆಯನ್ನಾದರೂ ಹಿಂದಕ್ಕೆ ಪಡೆಯಬಹುದು. ನನ್ನಿಂದ ಆ ಕೆಲಸ ಮಾಡಿಸಬೇಡಿ."

ಒಂಬತ್ತು ವರ್ಷ ಅವರು ಹೊತ್ತ ಹೊಣೆ ಅದು. ನಿವೃತ್ತಿಯ ಮರುದಿನವೂ ಬೆಳಿಗ್ಗೆ ಎದ್ದು ಕೂರಲು ಕಾರಣವಾಗಿ ಉಳಿದದ್ದು ಅದೊಂದೇ. ವಿಶಾಲಾಕ್ಷಮ್ಮನವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ದನಿ ಮಾತ್ರ ತರಗತಿಯಲ್ಲಿ ಇದ್ದಂತೆಯೇ ಇತ್ತು.

"ಧಾರಾಳವಾಗಿ ಮಾಡಿ. ನನ್ನ ಹೆಸರು ತೆಗೆದು ನಿಮ್ಮ ಹೆಸರು ಹಾಕಿ, ನೀವೇ ಒಪ್ಪಿಗೆ ಕೊಡಿ. ಆದರೆ ಯಾರೂ ನಡೆದು ನೋಡದ ದಾರಿ ಇದು ಎಂದು ಕೈಪಿಡಿಯ ಮೊದಲ ಸಾಲಿನಲ್ಲಿ ಬರೆಯಿರಿ. ಬರೆಯುವ ಧೈರ್ಯವಿದ್ದರೆ ಬಿಡುಗಡೆ ಮಾಡಿ."

ರವಿಕೀರ್ತಿ ಕೈಯೆತ್ತಿದ. ಇನ್ನಿಬ್ಬರು ಎತ್ತಿದರು. ಮತ್ತೊಬ್ಬರು ಅರ್ಧಕ್ಕೆ ಎತ್ತಿ, ಅತ್ತಿತ್ತ ನೋಡಿ, ತಲೆ ಕೆರೆದುಕೊಂಡು ಇಳಿಸಿದರು. ಎಲ್ಲರ ಕಣ್ಣು ತೌಸೀಫನ ಮೇಲೆ ಹೋಯಿತು. ಅವನು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ.

"ನನ್ನ ಪ್ರೋಗ್ರಾಮು ಬಾಗಿಲು ತೆರೆಯತ್ತೋ ಇಲ್ವೋ ಅಂತ ಮಾತ್ರ ನೋಡತ್ತೆ," ಎಂದ ಅವನು. "ಅದು ನನಗೆ ಮೊದಲಿಂದ ಗೊತ್ತಿತ್ತು. ಎಲ್ಲರೂ ಮೆಚ್ಚಿದಿರಿ, ಹೇಳೋಕೆ ಮನಸ್ಸು ಬರಲಿಲ್ಲ. ಮೇಡಂ, ಮೊದಲ ಹತ್ತು ಕೊಂಡಿ ನನಗೆ ಕೊಡಿ."

"ಬರಿಗೈಯಲ್ಲಿ?"

"ಬರಿಗೈಯಲ್ಲೇ."

ನಾಲ್ಕನೆಯ ಕೈ ಏಳಲಿಲ್ಲ.

ನಾಲ್ಕು ಗಂಟೆಗೆ ಬಂದ ಅತಿಥಿಗಳು ಮಂಡಕ್ಕಿ ತಿಂದು, ಬಿಡುಗಡೆ ಮುಂದಕ್ಕೆ ಹೋಗಿದೆ ಎಂಬ ಮಾತು ಕೇಳಿ ಹಿಂದಿರುಗಿದರು. ಮುಂದಿನ ಒಂಬತ್ತು ದಿನ ಹನ್ನೊಂದು ಮಂದಿಯೂ ತಮ್ಮ ತಮ್ಮ ಊರಿನಲ್ಲಿ ಒಂದೊಂದು ಯಂತ್ರವನ್ನು ಅಳಿಸಿಕೊಂಡು ಕೈಪಿಡಿಯ ಮುಂದೆ ಕುಳಿತರು. ಇನ್ನೂ ಆರು ಕೊಂಡಿಗಳು ಹಸಿರು ಬಣ್ಣದಲ್ಲೇ ಕೆಟ್ಟಿದ್ದವು. ಒಂದು, ಹೊಸ ಆವೃತ್ತಿಯ ಓದುಗರನ್ನು ಹಳೆಯ ಆವೃತ್ತಿಯ ಪುಟಕ್ಕೆ ಕಳಿಸುತ್ತಿತ್ತು. ಇನ್ನೊಂದು, ಕೇಳಿದ ಪುಟ ಇಲ್ಲವೆಂದು ಹೇಳದೆ ತಾಣದ ಮುಖಪುಟದಲ್ಲಿ ತಂದು ನಿಲ್ಲಿಸುತ್ತಿತ್ತು. ಅದನ್ನು ಕಂಡುಹಿಡಿದವನು ರವಿಕೀರ್ತಿ. ಆ ದಿನ ಅವನು ವಿಶಾಲಾಕ್ಷಮ್ಮನವರಿಗೆ ಕಳಿಸಿದ ಸಂದೇಶದಲ್ಲಿ ಕೊಂಡಿಯ ಸಂಖ್ಯೆ ಮಾತ್ರ ಇತ್ತು. ಅವರೂ 'ಸರಿ' ಎಂದಷ್ಟೇ ಬರೆದರು.

ಅಂದಿನಿಂದ ಪ್ರತಿ ಕೊಂಡಿಯ ಪಕ್ಕದಲ್ಲಿ ಒಬ್ಬರ ಹೆಸರು ಮತ್ತು ಅವರು ಕಡೆಯ ಸಲ ಅಲ್ಲಿ ನಡೆದ ದಿನಾಂಕ ಬರೆಯುವುದು ಗೊಂಚಲಿನ ಕಟ್ಟಳೆಯಾಯಿತು. ಏಳನೆಯ ಹೆಜ್ಜೆಯ ಪಕ್ಕದಲ್ಲಿ ಯಾರ ಹೆಸರು ಇರಬೇಕೆಂದು ಯಾರೂ ಕೇಳಲಿಲ್ಲ. ವಿಶಾಲಾಕ್ಷಮ್ಮ ಆಗಲೇ ಅಲ್ಲಿ ತಮ್ಮ ಹೆಸರು ಬರೆದಾಗಿತ್ತು.

ಬಿಡುಗಡೆಯ ಪ್ರಕಟಣೆ ಹದಿನಾಲ್ಕು ಹೊಸ ಸೌಲಭ್ಯಗಳನ್ನು ಹೊಗಳಿತು. ಕೊಂಡಿಗಳ ಮಾತು ಅದರಲ್ಲಿ ಇರಲಿಲ್ಲ. ವಿಶಾಲಾಕ್ಷಮ್ಮ ಪ್ರಕಟಣೆಯನ್ನು ಪೂರ್ತಿ ಓದಲೂ ಇಲ್ಲ. ಒಪ್ಪಿಗೆ ಒತ್ತಿದ ಕೈಯಲ್ಲೇ ರಕ್ತನಿಧಿಗೆ ಒಂದು ಪತ್ರ ಬರೆದರು.

"ಫಿಲೋಮಿನಾ ಅವರಿಗೆ, ನಮಸ್ಕಾರ. ಏಳನೆಯ ಹೆಜ್ಜೆಯಲ್ಲಿ ನೀವು ನಿಂತದ್ದು ಸರಿಯಾಗಿಯೇ ಇತ್ತು. ಅಲ್ಲಿ ದಾರಿ ಇರಲಿಲ್ಲ. ತಪ್ಪು ನಿಮ್ಮದಲ್ಲ, ನನ್ನದು. ನೀವು ಕೇಳಿದ ಕ್ಷಮೆಯನ್ನು ಹಿಂದಿರುಗಿಸುತ್ತಿದ್ದೇನೆ. ಈಗ ನಡೆಯಿರಿ."

ಮರುದಿನ ಉತ್ತರ ಬಂತು. ಒಂದೇ ಸಾಲು: "ನಡೆದೆ. ತಲುಪಿದೆ."

ನೀತಿ: ದಾರಿ ತೋರಿಸಿದವರ ಹೊಣೆ ತೋರಿಸಿದ ದಿನಕ್ಕೇ ಮುಗಿಯುವುದಿಲ್ಲ. ನಮ್ಮ ಮಾತು ನಂಬಿ ಹೊರಟವರು ದಾರಿ ತಪ್ಪಿದರೆ, ಅವರ ನಡಿಗೆಯನ್ನು ಶಂಕಿಸುವ ಮೊದಲು ನಾವು ಎದ್ದು ಹೋಗಿ ಆ ದಾರಿಯಲ್ಲಿ ನಡೆದು ನೋಡಬೇಕು. ನಡೆದು ನೋಡದ ದಾರಿಯನ್ನು ಸರಿಯೆಂದು ಒಪ್ಪಲು ಯಾರೇ ಅವಸರಪಡಿಸಿದರೂ ಒಪ್ಪಬಾರದು. ಆ ದಾರಿಯನ್ನು ತೋರಿಸಿದವರು ನಾವೇ ಆಗಿದ್ದರೆ ಒಪ್ಪಲೇಬಾರದು.