ನೂರೆಂಟು ಗ್ರಂಥಗಳ ಪಂಡಿತ

"ನೂರೆಂಟು ವೈದ್ಯಗ್ರಂಥ ಬರೆದವನು ಈ ಭೂಮಿಯ ಮೇಲೆ ನಾನೊಬ್ಬನೇ, ಪ್ರಭು!"

ಹೊನ್ನಗುಂದಿಯ ಆಸ್ಥಾನದಲ್ಲಿ ನಾಗಾವಧಾನಿ ಪಂಡಿತರು ಹೀಗೆ ಗುಡುಗಿದ ಅಬ್ಬರಕ್ಕೆ ಸೂರಿನಲ್ಲಿದ್ದ ಪಾರಿವಾಳಗಳು ಹಾರಿಹೋದವು. ಪಂಡಿತರ ಹಿಂದೆ ಶಿಷ್ಯರ ದಂಡು. ಮುಂದೆ ಗಾಡಿಯಲ್ಲಿ ಹೇರಿ ತಂದ ತಾಳೆಗರಿ ಕಟ್ಟುಗಳ ಗುಡ್ಡ.

"ಬರೆದಿರಿ, ಸರಿ. ಓದುವವರು ಯಾರು?" ಎಂದ ರಾಜ ಮಲ್ಲಿದೇವ.

"ಓದುವುದೇನು ಬಂತು? ಇಂದು ಯಾವ ವೈದ್ಯಗ್ರಂಥ ಬಿಚ್ಚಿದರೂ 'ನಾಗಾವಧಾನಿಗಳು ಹೇಳಿದಂತೆ' ಎಂಬ ಮಾತಿಲ್ಲದ ಗರಿ ಇಲ್ಲ. ಆ ವೈದ್ಯೆ ಮಾಚಲೆಯ ಹೆಸರು ಎಲ್ಲಾದರೂ ಇದೆಯೇ? ಅವಳು ಬರೆದದ್ದೇ ಒಂದು ಪುಸ್ತಕ! ಅಂಥವಳ ಕೈಯಲ್ಲಿ ಆರೋಗ್ಯಶಾಲೆ ಇರುವುದು ರಾಜ್ಯಕ್ಕೇ ಅವಮಾನ. ನನಗೆ ಒಪ್ಪಿಸಿ."

ರಾಜ ಗುಡ್ಡವನ್ನು ಮೇಲಿಂದ ಕೆಳಗೆ ನೋಡಿದ. ಅವನ ಮನಸ್ಸು ವಾಲಿತು. "ನಾಳೆ ತೀರ್ಮಾನ ಹೇಳುತ್ತೇನೆ" ಎಂದ.

ಮೂಲೆಯಲ್ಲಿ ಕುಳಿತಿದ್ದ ಆಸ್ಥಾನದ ಮಾತುಗಾರ ಬೊಮ್ಮರಸ ಎದ್ದು ಹೊರಬಿದ್ದ. ಹಿಂದಿನ ವರ್ಷ ಅವನ ಹೆಂಡತಿ ಬಾಣಂತಿ ಜ್ವರದಲ್ಲಿ ಬೇಯುತ್ತಿದ್ದಾಗ ಇದೇ ಪಂಡಿತರು ಬಂದಿದ್ದರು. ಹೊಸ್ತಿಲಲ್ಲೇ ನಿಂತು ತಮ್ಮದೇ ನಾಲ್ಕು ಶ್ಲೋಕ ಹೇಳಿ ಹೋಗಿದ್ದರು. ಜ್ವರ ಇಳಿಯುವ ತನಕ ಹಾಸಿಗೆಯ ಪಕ್ಕ ಕುಳಿತವಳು ಮಾಚಲೆ. ಅವಳ ಆ ಒಂದೇ ಪುಸ್ತಕ ಅದೇ ಜ್ವರದ ಬಗ್ಗೆ.

ಅವನು ನೇರ ಆರೋಗ್ಯಶಾಲೆಗೆ ಹೋದ. "ತಾಯಿ, ಇನ್ನೊಂದೆರಡು ಪುಸ್ತಕ ಬರೆದು ಬಿಸಾಕಬಾರದಿತ್ತೇ?"

"ಪುಸ್ತಕವಾಗುವಷ್ಟು ಹೊಸದೇನೂ ನನಗಿನ್ನೂ ತಿಳಿದಿಲ್ಲವಲ್ಲ, ಬೊಮ್ಮರಸರೇ" ಎಂದಳು ಮಾಚಲೆ, ಕಷಾಯ ಸೋಸುತ್ತಾ.

"ಹೋಗಲಿ. ಒಂದು ಬಟ್ಟಲು ಹಾಗಲಕಾಯಿ ರಸ ಕುಡಿದರೆ ಜೀವಕ್ಕೇನಾದರೂ ಅಪಾಯವೇ?"

"ಜೀವಕ್ಕಿಲ್ಲ, ಬಾಯಿಗೆ."

"ಅಷ್ಟು ಸಾಕು!"

ಮರುದಿನ ಸಭೆ ತುಂಬಿತ್ತು. ಬೊಮ್ಮರಸ ಎದ್ದು ಪಂಡಿತರಿಗೆ ಅಡ್ಡಬಿದ್ದ. "ಗುರುಗಳೇ, ನನ್ನ ಮಾವನಿಗೆ ವಿಪರೀತ ಮರೆವು. ಅದಕ್ಕೆ ತಾವೊಂದು ಮದ್ದು ಬರೆದಿದ್ದೀರಂತೆ. 'ಮರೆವು ಬಂದವನು ಬಟ್ಟಲು ತುಂಬ ಹಾಗಲಕಾಯಿ ರಸ ಕುಡಿದು, ಹಿಂದು ಹಿಂದಕ್ಕೆ ನಡೆಯುತ್ತಾ ಊರು ಸುತ್ತಬೇಕು' ಎಂದು. ಅದು ಯಾವ ಗ್ರಂಥದಲ್ಲಿದೆ?"

ಪಂಡಿತರು ಓರೆಗಣ್ಣಲ್ಲಿ ಸಿಂಹಾಸನದತ್ತ ನೋಡಿದರು. ರಾಜನ ಕಣ್ಣು ತಮ್ಮ ಮೇಲೇ ಇತ್ತು. "ಅದೋ? ನಮ್ಮ 'ಸ್ಮೃತಿಸಂಜೀವಿನಿ'ಯಲ್ಲಿ. ಹಿಂದಕ್ಕೆ ನಡೆದರೆ ಹಿಂದಿನದು ನೆನಪಾಗುತ್ತದೆ. ಬಹಳ ಸೂಕ್ಷ್ಮ ವಿಚಾರ."

"ಬೇರೆಯವರೂ ಅದನ್ನು ಒಪ್ಪಿದ್ದಾರೆಯೇ?"

"ಕೇಳಿ ಇವರನ್ನೇ!"

"ಗುರುಗಳ ಆ ಶ್ಲೋಕವನ್ನು ನನ್ನ ಪುಸ್ತಕದ ಮೊದಲ ಗರಿಯಲ್ಲೇ ಉಲ್ಲೇಖಿಸಿದ್ದೇನೆ" ಎಂದ ಒಬ್ಬ ಶಿಷ್ಯ.

"ಇವರು ಉಲ್ಲೇಖಿಸಿದ್ದನ್ನು ನಾನು ಉಲ್ಲೇಖಿಸಿದ್ದೇನೆ" ಎಂದ ಇನ್ನೊಬ್ಬ.

"ನಾನು ಅದಕ್ಕೆ ವ್ಯಾಖ್ಯಾನವನ್ನೇ ಬರೆದಿದ್ದೇನೆ! ಹಾಗಲಕಾಯಿ ಬಿಳಿಯದೋ ಹಸಿರೋ ಎಂಬ ಚರ್ಚೆಯೂ ಅದರಲ್ಲಿದೆ" ಎಂದು ಮತ್ತೊಬ್ಬ ಎದೆ ತಟ್ಟಿಕೊಂಡ.

ಬೊಮ್ಮರಸ ರಾಜನ ಕಡೆ ತಿರುಗಿ ಕೈಮುಗಿದ. "ಪ್ರಭು, ಆ ಮದ್ದನ್ನು ನಿನ್ನೆ ಇಲ್ಲಿಂದ ಹೋಗುವಾಗ ದಾರಿಯಲ್ಲಿ ನಾನೇ ಹೊಸೆದೆ. ನನ್ನ ಮಾವನ ನೆನಪು ಚೆನ್ನಾಗಿಯೇ ಇದೆ. ಮದುವೆಯಲ್ಲಿ ನಾನು ತಿಂದ ಹೋಳಿಗೆಯ ಲೆಕ್ಕ ಈಗಲೂ ಹೇಳುತ್ತಾನೆ."

ಶಿಷ್ಯರು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು. ರಾಜನ ಹುಬ್ಬು ಗಂಟಿಕ್ಕಿತು. "ಏನು ಪಂಡಿತರೇ ಇದು?"

ಪಂಡಿತರು ಬೆವರು ಒರೆಸಿಕೊಂಡರು. "ನೂರೆಂಟು ಗ್ರಂಥಗಳಲ್ಲವೇ, ಪ್ರಭು... ಯಾವುದು ಬರೆದೆ, ಯಾವುದು ಬಿಟ್ಟೆ, ಒಮ್ಮೊಮ್ಮೆ ಮರೆತುಹೋಗುತ್ತದೆ."

ಬೊಮ್ಮರಸ ಸೆರಗಿನಂತೆ ಹೊದ್ದ ಶಲ್ಯದೊಳಗಿಂದ ಹಸಿರು ರಸ ತುಂಬಿದ ಬಟ್ಟಲು ತೆಗೆದು, ಎರಡೂ ಕೈಯಲ್ಲಿ ಹಿಡಿದು ಭಕ್ತಿಯಿಂದ ಮುಂದೆ ಬಂದ.

"ಮರೆವೇ? ಹಾಗಾದರೆ ಚಿಂತೆಯೇ ಇಲ್ಲ, ಗುರುಗಳೇ. ಕುಡಿದು ಹಿಂದು ಹಿಂದಕ್ಕೆ ನಡೆಯಿರಿ. ಮದ್ದು ಖಚಿತ, ಇಷ್ಟು ಜನ ವಿದ್ವಾಂಸರು ಉಲ್ಲೇಖಿಸಿದ್ದಾರೆ!"

ರಾಜ ನಕ್ಕ ರಭಸಕ್ಕೆ ಕಿರೀಟ ಕಿವಿಯ ಮೇಲೆ ಜಾರಿತು. "ಹಾಗೇ ಆಗಲಿ!" ಎಂದು ಅಪ್ಪಣೆ ಕೊಟ್ಟ. ಆರೋಗ್ಯಶಾಲೆ ಮಾಚಲೆಯ ಬಳಿಯೇ ಉಳಿಯಿತು. ಬೊಮ್ಮರಸನಿಗೆ ರಾಜನ ಕೈಬೆರಳಿನ ಉಂಗುರ ಸಿಕ್ಕಿತು. ಆ ದಿನ ಹೊನ್ನಗುಂದಿಯ ಜನ, ಪಂಡಿತರೊಬ್ಬರು ಮುಖ ಹುಳ್ಳಗೆ ಮಾಡಿಕೊಂಡು ಶಿಷ್ಯರ ಸಮೇತ ಹಿಂದು ಹಿಂದಕ್ಕೆ ನಡೆಯುತ್ತಾ ಊರ ಬಾಗಿಲು ದಾಟುವುದನ್ನು ಕಣ್ತುಂಬ ನೋಡಿದರು.