ಮತಪೆಟ್ಟಿಗೆಯೊಳಗೆ ಉಳಿದ ನಿಯಮ ಪುಸ್ತಕ

ನಾನು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣಾ ನಿಯಮ ಪುಸ್ತಕ. ವರ್ಷವಿಡೀ ನನ್ನನ್ನು ಮತಪೆಟ್ಟಿಗೆಯೊಳಗೇ ಇಡುತ್ತಾರೆ. ಕಳೆದುಹೋಗದಿರಲಿ ಎಂದು. ಮತದಾನದ ಒಂದು ದಿನ ಮಾತ್ರ ಅಧಿಕಾರಿಗಳ ಮೇಜಿನ ಮೇಲೆ ಕೂರುವ ಗೌರವ ನನ್ನದು.

ಈ ವರ್ಷದ ಮತದಾನದ ಬೆಳಿಗ್ಗೆ ಮುಚ್ಚಳ ತೆರೆಯಿತು. "ರಾಯರೇ, ಬೇಗ ಹೊರಡಿ. ನನಗೆ ಅರಗಿನ ಮುದ್ರೆ ಹಾಕುತ್ತಾರೆ," ಎಂದಿತು ಪೆಟ್ಟಿಗೆ.

"ಹೊರಡುತ್ತೇನಮ್ಮ. ಮೊದಲು ಒಂಬತ್ತನೆಯ ನಿಯಮ ಕೇಳು. ಪೆಟ್ಟಿಗೆ ಖಾಲಿ ಇದೆಯೆಂದು ಎಲ್ಲರಿಗೂ ತೋರಿಸಬೇಕು. ಖಾಲಿ ಎಂದರೆ ಒಳಗೆ ಏನೂ ಇರಬಾರದು. ಏನೂ ಎಂದರೆ..."

"ಏನೂ ಎಂದರೆ ನೀವೂ ಇರಬಾರದು, ರಾಯರೇ."

"ಅದನ್ನೇ ವಿವರಿಸುತ್ತಿದ್ದೇನೆ," ಎಂದೆ.

ನಾನು ಮೂರನೆಯ ಉಪನಿಯಮಕ್ಕೆ ಬರುವಷ್ಟರಲ್ಲಿ ಅವಸರದಲ್ಲಿದ್ದ ಅಧಿಕಾರಿ ಒಳಗೆ ಇಣುಕದೆಯೇ ಮುಚ್ಚಳ ಹಾಕಿ ಮುದ್ರೆ ಒತ್ತಿಬಿಟ್ಟರು. ಸಂಜೆಯವರೆಗೆ ಅದನ್ನು ಒಡೆಯುವಂತಿಲ್ಲ. ಆ ನಿಯಮವೂ ನನ್ನದೇ. ದಿನವಿಡೀ ಮತಗಳು ನನ್ನ ತಲೆಯ ಮೇಲೆ ಬೀಳುತ್ತಿದ್ದವು.

ಎಣಿಕೆಯಲ್ಲಿ ಅಧಿಕಾರಿ ನನ್ನನ್ನೂ ಎತ್ತಿ ತಿರುಗಿಸಿ ನೋಡಿದರು. "ಅಸಿಂಧು," ಎಂದು ಬದಿಗಿಟ್ಟರು.

ಮತಪತ್ರದಲ್ಲಿ ಗುರುತು ಬಿಟ್ಟು ಬೇರೇನು ಬರೆದಿದ್ದರೂ ಅದು ಅಸಿಂಧು ಎಂಬುದು ನನ್ನದೇ ಹದಿನೇಳನೆಯ ನಿಯಮ. ನನ್ನಲ್ಲಿ ಬರಹವೋ, ಎಂಬತ್ತು ಪುಟ.