ಅನ್ನದ ಕಲ್ಲು, ಪೆಟ್ರೋಲಿನ ಗಂಧಕ

ಪೆಟ್ರೋಲು ತಯಾರಿಸುವ ಕಾರ್ಖಾನೆಯ ದೊಡ್ಡ ಸಾಹೇಬರು ಊಟಕ್ಕೆ ಕೂತಲ್ಲೇ ಗುಡುಗಿದರು: "ಗಾಡಿಗಳ ಹೊಗೆ ಕಡಿಮೆಯಾಗಬೇಕು, ಪೆಟ್ರೋಲಿನ ಗಂಧಕ ತೆಗೀರಿ. ಆದರೆ ಒಂದು ಪೈಸೆಯೂ ಹೆಚ್ಚಿಗೆ ಖರ್ಚಾಗಬಾರದು!"

ಇಂಜಿನಿಯರುಗಳು "ಆಗಲಿ ಸಾರ್" ಎಂದು ಅನ್ನ ಕಲಸಿದರು. ಬಡಿಸುತ್ತಿದ್ದ ಅಡುಗೆಯ ಕೊಗ್ಗಣ್ಣ ಎಲ್ಲ ಕೇಳಿಸಿಕೊಂಡ.

ಮರುದಿನ ಸಾಹೇಬರ ಬಾಯಲ್ಲಿ ಕಟಕ್ಕೆಂದಿತು.

"ಏನಯ್ಯಾ, ಅನ್ನದಲ್ಲಿ ಕಲ್ಲು!"

"ಖರ್ಚು ಬೇಡ ಅಂದಿರಲ್ಲ ಸಾರ್. ಅಕ್ಕಿ ಆರಿಸುವ ಗಿರಿಜಕ್ಕನಿಗೆ ಬರಬೇಡ ಅಂದೆ. ಕೂಲಿಯಿಲ್ಲದೆ ಕಲ್ಲು ತಾನಾಗಿ ಹೋಗಲಿಲ್ಲ."

ಸಾಹೇಬರು ಕೆನ್ನೆ ಹಿಡಿದು ಯೋಚಿಸಿದರು.

"ಅರ್ಥವಾಯ್ತು. ನಾಳೆಯಿಂದ ಗಿರಿಜಕ್ಕ ಬರಲಿ."

"ಗಂಧಕ, ಸಾರ್?"

"ಅದೇನು ನನ್ನ ಹಲ್ಲಿಗೆ ಸಿಗುತ್ತದೆಯೇ?"

ಸಂಜೆ ಆಟೋಗಳ ಹೊಗೆಗೆ ಕೆಮ್ಮುತ್ತಾ ಮನೆಗೆ ನಡೆಯುವಾಗ ಕೊಗ್ಗಣ್ಣ ಮರುಗಿದ: ಛೇ, ಕಲ್ಲಲ್ಲ, ಹೊಗೆ ಬಡಿಸಬೇಕಿತ್ತು.